ಅರವತ್ತರ ಶಾಂತಿ, ಸಾವಿರ ಚಂದ್ರರ ದರ್ಶನ

ಮನುಷ್ಯನಿಗೆ ಅರವತ್ತು ವರ್ಷ ತುಂಬಿದಾಗ ಮಾಡುವ ಷಷ್ಟ್ಯಬ್ದಪೂರ್ತಿ ಶಾಂತಿಯನ್ನು ಇಂದು ಹೆಚ್ಚಿನವರು ಮಕ್ಕಳು ಮುಂದೆ ನಿಂತು ತಂದೆತಾಯಿಗೆ ಮಾಡಿಸುವ ಎರಡನೆಯ ಮದುವೆ ಎಂದೇ ತಿಳಿದಿದ್ದಾರೆ. ಛತ್ರ, ಹಾರ ಬದಲಾವಣೆ, ಮಾಂಗಲ್ಯಧಾರಣೆ, ಮೊಮ್ಮಕ್ಕಳ ಓಡಾಟ, ಊಟ ಎಲ್ಲವೂ ಅಲ್ಲಿರುತ್ತದೆ. ಆದರೆ ಈ ಆಚರಣೆ ಹುಟ್ಟಿದ್ದು ಭಯದಿಂದ. ಅರವತ್ತು ದಾಟುವುದು ಅಪಾಯದ ಗಡಿಯೊಂದನ್ನು ದಾಟಿದಂತೆ ಎಂಬ ನಂಬಿಕೆ ಅದರ ಬುಡದಲ್ಲಿದೆ.

ಅರವತ್ತೇ ಏಕೆ ಎಂಬುದಕ್ಕೆ ಉತ್ತರ ಪಂಚಾಂಗದಲ್ಲಿದೆ. ಗುರುಗ್ರಹ ರಾಶಿಚಕ್ರವನ್ನು ಸುತ್ತಲು ಸುಮಾರು 12 ವರ್ಷ, ಶನಿಗೆ ಸುಮಾರು 30 ವರ್ಷ ಬೇಕು. ಗುರು ಐದು ಸುತ್ತು, ಶನಿ ಎರಡು ಸುತ್ತು ಮುಗಿಸುವ ಹೊತ್ತಿಗೆ 60 ವರ್ಷ ಕಳೆದು ಎರಡೂ ಹೆಚ್ಚುಕಡಿಮೆ ಹಳೆಯ ಜಾಗಕ್ಕೆ ಬರುತ್ತವೆ. ಪ್ರಭವದಿಂದ ಅಕ್ಷಯದವರೆಗಿನ ಅರವತ್ತು ಸಂವತ್ಸರಗಳ ಚಕ್ರವೂ ಅಷ್ಟೇ ದೊಡ್ಡದು. ಕನ್ನಡ ಶಾಸನಗಳಲ್ಲಿ ಶಕವರ್ಷದ ಜೊತೆಗೆ ಸಂವತ್ಸರದ ಹೆಸರನ್ನೂ ಬರೆಸುವುದು ರೂಢಿಯಾಗಿತ್ತು. ಹೀಗೆ ಕಾಲವನ್ನು ಎಣಿಸುವ ಸಮಾಜದಲ್ಲಿ, ಹುಟ್ಟಿದ ಸಂವತ್ಸರ ಮರಳಿ ಬಂದಾಗ ಒಂದು ಆಯುಷ್ಯ ಮುಗಿದು ಮತ್ತೊಂದು ಶುರುವಾಯಿತೆಂದು ಎಣಿಸಿದ್ದು ಸಹಜ. ಬೇರೆಯದೇ ಲೆಕ್ಕದ ಅರವತ್ತು ವರ್ಷದ ಚಕ್ರವಿರುವ ಜಪಾನಿನಲ್ಲೂ ಅರವತ್ತನ್ನು ‘ಕಾನ್‌ರೆಕಿ’ ಎಂದು ಆಚರಿಸುತ್ತಾರೆ. ಕೂಸಿಗೆ ತೊಡಿಸುವಂಥ ಕೆಂಪು ಅಂಗಿಯನ್ನು ಹಿರಿಯರಿಗೆ ತೊಡಿಸುತ್ತಾರೆ.

ಶಾಂತಿಗಳ ಹೆಸರುಗಳೇ ಉಗ್ರವಾಗಿವೆ. ಅರವತ್ತಕ್ಕೆ ಕಾಲಿಡುವಾಗ ಉಗ್ರರಥ, ಎಪ್ಪತ್ತಕ್ಕೆ ಭೀಮರಥ. ಎಪ್ಪತ್ತೇಳನೆಯ ವರ್ಷದ ಏಳನೆಯ ತಿಂಗಳ ಏಳನೆಯ ರಾತ್ರಿಯನ್ನು ‘ಭೀಮರಥೀ’ ಎಂದು ಕರೆದು, ಅದನ್ನು ಕಳೆದವನು ಗೆದ್ದನೆಂದು ಹಳಬರು ನಂಬಿದ್ದರು. ಕರ್ಮದ ವಿವರಗಳಲ್ಲಿ ಆ ಅಂಜಿಕೆ ಇನ್ನೂ ಉಳಿದಿದೆ. ಮೃತ್ಯುಂಜಯ ಹೋಮ, ಆಯುಷ್ಯ ಹೋಮಗಳ ಜೊತೆ ತಿಲದಾನ ನಡೆಯುತ್ತದೆ. ಕಂಚಿನ ಪಾತ್ರೆಯಲ್ಲಿ ಕರಗಿದ ತುಪ್ಪ ತುಂಬಿ, ಹಿರಿಯರು ಅದರಲ್ಲಿ ತಮ್ಮ ಮುಖ ನೋಡಿಕೊಂಡು ಆ ಪಾತ್ರೆಯನ್ನೇ ದಾನ ಕೊಡುತ್ತಾರೆ. ನೆರೆತ ಕೂದಲು, ಸುಕ್ಕುಗಟ್ಟಿದ ಕೆನ್ನೆಗಳನ್ನು ಎಲ್ಲರೆದುರು ದಿಟ್ಟಿಸಿ ನೋಡಿ, ಆ ನೆರಳನ್ನು ಕೈದಾಟಿಸುವ ಕ್ಷಣವದು. ಆಮೇಲೆ ಪೂಜೆಗಿಟ್ಟ ಕಲಶಗಳ ನೀರನ್ನು ದಂಪತಿಯ ತಲೆಯ ಮೇಲೆ ಸುರಿಯುತ್ತಾರೆ. ಅನೇಕ ಮನೆಗಳಲ್ಲಿ ಸಂವತ್ಸರಕ್ಕೊಂದರಂತೆ ಅರವತ್ತು ಕಲಶ ಇಡುವುದುಂಟು. ಮಕ್ಕಳಿಗೆ ಅಭ್ಯಂಜನ ಮಾಡಿಸಿದ ತಾಯಿತಂದೆಗೆ ಈಗ ಮಕ್ಕಳೇ ನೀರೆರೆಯುತ್ತಾರೆ.

ಈ ಆಚರಣೆಯ ಮಹತ್ವ ತಿಳಿಯಬೇಕಾದರೆ ಅದನ್ನು ವಾನಪ್ರಸ್ಥದ ಪಕ್ಕದಲ್ಲಿಟ್ಟು ನೋಡಬೇಕು. ಕೂದಲು ನೆರೆತು, ಚರ್ಮ ಸುಕ್ಕಾಗಿ, ಮಗನಿಗೆ ಮಗ ಹುಟ್ಟಿದ್ದನ್ನು ಕಂಡ ಗೃಹಸ್ಥ ಕಾಡಿಗೆ ಹೋಗಬೇಕೆಂದು ಮನುಸ್ಮೃತಿ ವಿಧಿಸುತ್ತದೆ. ಅಲ್ಲಿ ಮುಪ್ಪಿನ ಅರ್ಥ ಮನೆ ಬಿಡುವುದರಲ್ಲಿದೆ. ಷಷ್ಟ್ಯಬ್ದಿ ಅದೇ ವಯಸ್ಸಿನವರನ್ನು ಮನೆಯ ನಡುವೆ ಮಣೆಯ ಮೇಲೆ ಕೂರಿಸುತ್ತದೆ. ಹೆಚ್ಚಿನ ಗೃಹಸ್ಥರು ಕಾಡಿಗೆ ಹೋಗದೆ ಮನೆಯಲ್ಲೇ ಉಳಿದ ಸಮಾಜಕ್ಕೆ ಹಿರಿಯರ ಜಾಗ ಯಾವುದೆಂದು ಹೇಳುವ ವಿಧಿಯೊಂದು ಬೇಕಾಗಿತ್ತು. ಆ ಕೆಲಸವನ್ನು ಈ ಶಾಂತಿ ಮಾಡಿತು.

ಎಂಬತ್ತು ದಾಟಿದವರಿಗೆ ಮಾಡುವ ಸಹಸ್ರಚಂದ್ರ ದರ್ಶನದಲ್ಲಿ ಭಯ ಕಡಮೆ, ಕೃತಾರ್ಥತೆ ಹೆಚ್ಚು. ಅದಕ್ಕೆ ಶತಾಭಿಷೇಕ ಎಂಬ ಹೆಸರೂ ಇದೆ. ರೂಢಿಯಲ್ಲಿ ಅದನ್ನು 80 ವರ್ಷ 8 ತಿಂಗಳಿಗೆ ಮಾಡುತ್ತಾರೆ. ಎಂಬತ್ತು ವರ್ಷಕ್ಕೆ 960 ಹುಣ್ಣಿಮೆ, ಎರಡೂವರೆ ವರ್ಷಕ್ಕೊಂದು ಅಧಿಕಮಾಸವೆಂದು ಹಿಡಿದರೆ 32, ಮೇಲಿನ ಎಂಟು ತಿಂಗಳಿಗೆ 8, ಒಟ್ಟು 1000. ಖಗೋಳದ ನಿಖರ ಲೆಕ್ಕದಲ್ಲಿ ಸಾವಿರದ ಹುಣ್ಣಿಮೆ ಇನ್ನೆರಡು ತಿಂಗಳು ತಡವಾಗಿ, 80 ವರ್ಷ 10 ತಿಂಗಳ ಆಸುಪಾಸಿನಲ್ಲಿ ಬರುತ್ತದೆ. ಬದುಕನ್ನು ವರ್ಷಗಳಲ್ಲಿ ಅಳೆಯದೆ ಕಂಡ ಹುಣ್ಣಿಮೆಗಳಲ್ಲಿ ಅಳೆದ ಈ ಕಲ್ಪನೆ ತುಂಬ ಚೆಲುವಾದದ್ದು.

ಆಚರಣೆಗೆ ಹೆಸರಾದ ಕ್ಷೇತ್ರ ತಮಿಳುನಾಡಿನ ತಿರುಕ್ಕಡೈಯೂರು. ಮಾರ್ಕಂಡೇಯನಿಗಾಗಿ ಶಿವನು ಯಮನನ್ನು ಒದ್ದ ಕಥೆ ನಡೆದದ್ದು ಅಲ್ಲಿ ಎಂಬುದು ನಂಬಿಕೆ. ಅಮೃತಘಟೇಶ್ವರ ಮತ್ತು ಅಭಿರಾಮಿಯ ಆ ಗುಡಿಯಲ್ಲಿ ಅರವತ್ತು, ಎಂಬತ್ತು ತುಂಬಿದ ದಂಪತಿಗಳು ಒಟ್ಟೊಟ್ಟಿಗೆ ಕೂತು ಶಾಂತಿ ಮಾಡಿಸಿಕೊಳ್ಳುತ್ತಾರೆ. ಕರ್ನಾಟಕದಿಂದ ಹೋಗುವವರೂ ಇದ್ದಾರೆ.

ಅರವತ್ತು ಎಂಬುದು ಹಿಂದೆ ಅಪರೂಪದ ಗಡಿಯಾಗಿತ್ತು. ಸ್ವಾತಂತ್ರ್ಯ ಬಂದ ಕಾಲಕ್ಕೆ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಎಳೆಯ ಮಕ್ಕಳ ಸಾವು ಆ ಸರಾಸರಿಯನ್ನು ಕೆಳಗೆಳೆದಿತ್ತು, ನಿಜ. ಆದರೂ ಅರವತ್ತು ಮುಟ್ಟುವವರು ಕಡಮೆಯೇ. 2011ರ ಜನಗಣತಿಯ ಹೊತ್ತಿಗೆ ಅರವತ್ತು ದಾಟಿದವರು ದೇಶದಲ್ಲಿ 10 ಕೋಟಿ ಮೀರಿದ್ದರು. ಈ ನಡುವೆ ಅರವತ್ತಕ್ಕೆ ಇನ್ನೊಂದು ಮುಖ ಬಂತು. ಕೇಂದ್ರ ಸರ್ಕಾರ ನೌಕರರ ನಿವೃತ್ತಿ ವಯಸ್ಸನ್ನು 1998ರಲ್ಲಿ 58ರಿಂದ 60ಕ್ಕೆ ಏರಿಸಿತು, ಕರ್ನಾಟಕ 2008ರಲ್ಲಿ ಏರಿಸಿತು. ಪಾಲಕರ ಪೋಷಣೆಗಾಗಿ 2007ರಲ್ಲಿ ಬಂದ ಕೇಂದ್ರದ ಕಾಯ್ದೆ ಅರವತ್ತು ತುಂಬಿದವರನ್ನೇ ಹಿರಿಯ ನಾಗರಿಕರೆಂದು ಗುರುತಿಸಿತು. ಹೀಗಾಗಿ ನೌಕರರ ಮನೆಗಳಲ್ಲಿ ಕಚೇರಿಯ ಬೀಳ್ಕೊಡುಗೆಯೂ ಷಷ್ಟ್ಯಬ್ದಿಯೂ ಹತ್ತಿರ ಹತ್ತಿರವೇ ಬರತೊಡಗಿದವು. ಒಂದು ಕಡೆ ಕುರ್ಚಿ ತೆರವಾದರೆ ಇನ್ನೊಂದು ಕಡೆ ಮಣೆ ಸಿಗುತ್ತದೆ.

ಕನ್ನಡ ಸಾರ್ವಜನಿಕ ಬದುಕು ಈ ಗೌರವವನ್ನು ಮನೆಯಿಂದ ಸಭೆಗೆ ತಂದಿತು. ಹಿರಿಯ ಸಾಹಿತಿಗಳಿಗೆ ಅಭಿನಂದನ ಗ್ರಂಥ ಅರ್ಪಿಸುವ ಪದ್ಧತಿ ಬೆಳೆಯಿತು, 1941ರಲ್ಲಿ ಬಿ.ಎಂ. ಶ್ರೀಕಂಠಯ್ಯನವರಿಗೆ ಒಪ್ಪಿಸಿದ ‘ಸಂಭಾವನೆ’ ಅವುಗಳಲ್ಲಿ ಹೆಸರಾದದ್ದು. ಡಿ.ವಿ. ಗುಂಡಪ್ಪನವರು ಎಂಬತ್ತು ದಾಟಿದ ಮೇಲೆ, 1970ರಲ್ಲಿ, ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ತಮಗೆ ಸಂದ ಗೌರವಧನವನ್ನು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. ಧರ್ಮಶಾಸ್ತ್ರಗಳ ಬೃಹತ್ ಇತಿಹಾಸ ಬರೆದ ಪಾಂಡುರಂಗ ವಾಮನ ಕಾಣೆಯವರು ಅದರ ಕೊನೆಯ ಸಂಪುಟ ಹೊರತಂದದ್ದು 1962ರಲ್ಲಿ, ತಮ್ಮ 82ನೆಯ ವಯಸ್ಸಿನಲ್ಲಿ. ಇಂಥವರಿಗೆ ಮುಪ್ಪು ಸನ್ಮಾನ ಪಡೆಯುವ ಕಾಲವಷ್ಟೇ ಆಗಿರಲಿಲ್ಲ. ಕೈಯಲ್ಲಿದ್ದ ಕೆಲಸ ಮುಗಿಸುವ ಕಾಲವೂ ಆಗಿತ್ತು.

ಆಚರಣೆಯ ಕೊರತೆಯೂ ಕಣ್ಣಿಗೆ ಬೀಳುವಂಥದ್ದು. ಷಷ್ಟ್ಯಬ್ದಿಯಲ್ಲಿ ಎಣಿಸುವುದು ಗಂಡನ ವಯಸ್ಸನ್ನು. ಪಕ್ಕದಲ್ಲಿ ಕೂರುವ ಹೆಂಡತಿಗೆ ಅರವತ್ತು ತುಂಬುವ ದಿನ ಬೇರೆ. ಅದು ಸದ್ದಿಲ್ಲದೆ ಕಳೆದುಹೋಗುತ್ತದೆ. ಗಂಡ ಅರವತ್ತಕ್ಕೆ ಮೊದಲೇ ತೀರಿಕೊಂಡಿದ್ದರೆ, ಮಕ್ಕಳನ್ನು ಒಬ್ಬಳೇ ಸಾಕಿ ದಡ ಮುಟ್ಟಿಸಿದವಳಿಗೆ ಮಣೆಯೂ ಇಲ್ಲ, ಕಲಶದ ನೀರೂ ಇಲ್ಲ. ಮುಪ್ಪಿನಲ್ಲಿ ಗೌರವದ ಅಗತ್ಯ ಯಾರಿಗೆ ಹೆಚ್ಚೋ ಅವರನ್ನೇ ಹೊರಗಿಟ್ಟದ್ದು ಈ ಸಂಪ್ರದಾಯದ ದೊಡ್ಡ ಲೋಪ. ಈಚೆಗೆ ಕೆಲವು ಮನೆಗಳಲ್ಲಿ ತಾಯಿಗೂ ಅವಳದೇ ವಯಸ್ಸಿನ ಲೆಕ್ಕದಲ್ಲಿ ಸಹಸ್ರಚಂದ್ರ ದರ್ಶನ ಮಾಡಿಸುತ್ತಿದ್ದಾರೆ. ಆ ಪದ್ಧತಿ ಎಲ್ಲ ಮನೆಗಳಿಗೂ ಬರಬೇಕು.