ಮೊಲದ ಬಾಲ ಮತ್ತು ಓಡಿದವರ ಚರಿತ್ರೆ

ಮೊಲದ ಕಾಲಿನ ಮೇಲೆ ನಮ್ಮಲ್ಲಿ ಗಾದೆಯಿದೆ: ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಇಲ್ಲದ ಕೊಂಬಿಗೂ ತರ್ಕಶಾಸ್ತ್ರದಲ್ಲಿ ಜಾಗವಿದೆ; ಇರಲಾರದ ವಸ್ತುವಿಗೆ ‘ಶಶವಿಷಾಣ’ವೇ ಉದಾಹರಣೆ. ಕಣ್ಣೆದುರಿಗಿರುವ ಬಾಲದ ಬಗ್ಗೆ ಮಾತ್ರ ಮಾತು ಕಡಿಮೆ.

ಊರು ಹುಟ್ಟಿದ ಐತಿಹ್ಯಗಳ ಮೇಲೆ ದಾವಣಗೆರೆಯಲ್ಲಿ ಸಂಶೋಧನೆ ಮಾಡುತ್ತಿರುವ ನನಗೆ ಮೊಲ ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಹರಿಹರವನ್ನು ದಾಟಿದ ತುಂಗಭದ್ರೆ ಮುಂದೆ ಆನೆಗೊಂದಿಯ ಪಕ್ಕದಲ್ಲಿ ಹರಿಯುತ್ತಾಳೆ. ಅಲ್ಲಿ ನದಿ ದಾಟಿ ಬೇಟೆಗೆ ಹೋದ ಅರಸನ ನಾಯಿಗಳ ಮೇಲೆ ಮೊಲವೊಂದು ತಿರುಗಿಬಿತ್ತು, ಆ ಜಾಗದಲ್ಲೇ ವಿಜಯನಗರ ಎದ್ದಿತು ಎಂಬ ಕಥೆಯನ್ನು ಪೋರ್ಚುಗೀಸ್ ವ್ಯಾಪಾರಿ ನೂನಿಜ್ 1535ರ ಸುಮಾರಿಗೆ ಬರೆದಿಟ್ಟ. ಕೆಂಪೇಗೌಡರ ಬೆಂಗಳೂರಿಗೂ, ಗುಜರಾತಿನ ಅಹಮದಾಬಾದಿಗೂ ಇಂಥದೇ ಕಥೆಯಿದೆ. ಇವನ್ನೆಲ್ಲ ನಾನು ‘ಗಂಡುಮೆಟ್ಟಿದ ನೆಲ’ ಎಂಬ ಒಂದೇ ತಲೆಬರಹದಡಿ ಜೋಡಿಸುತ್ತಿದ್ದೆ.

ಹರಿಹರದ ಹೊಳೆದಂಡೆಯ ಹೊಲದಲ್ಲಿ ಅಜ್ಜರೊಬ್ಬರಿಗೆ ಈ ಕಥೆ ಹೇಳಿದಾಗ ಅವರು ನಕ್ಕರು. “ತಮ್ಮಾ, ಮೊಲ ನಿಂತು ಕಾದಾಡಿದ್ದು ನಾ ಕಂಡಿಲ್ಲ. ನಾಯಿ ನೆಟ್ಟಗೆ ಓಡ್ತತಿ, ಮೊಲ ಗಕ್ಕನೆ ಹೊರಳ್ತತಿ. ಅದಕ್ಕೇ ಅದು ಬದುಕೇತಿ.”

ಬಾಲದ ವಿಚಾರದಲ್ಲಿ ವಿಜ್ಞಾನಿಗಳ ಮಾತೂ ಇದರ ಹತ್ತಿರಕ್ಕೇ ಬರುತ್ತದೆ. ಯುರೋಪಿನ ಬಿಲದ ಮೊಲದ ಬಾಲ ಅಡಿಯಲ್ಲಿ ಬಿಳುಪು; ಓಡುವಾಗ ಎತ್ತಿ ಹಿಡಿಯುತ್ತದೆ. ಮುಂದೆ ಓಡುವ ಮೊಲದ ಬಿಳಿ ಬಾಲ ಹಿಂದಿನ ಮರಿಗಳಿಗೆ ಬಿಲದ ದಾರಿ ತೋರುವ ಗುರುತು ಎಂದು ಆಲ್‌ಫ್ರೆಡ್ ರಸಲ್ ವಾಲೇಸ್ 1889ರಲ್ಲಿ ವಾದಿಸಿದ. ಈಚಿನವರ ಇನ್ನೊಂದು ಊಹೆಯಿದೆ: ಅಟ್ಟುವ ಪ್ರಾಣಿ ಬಿಳಿ ಚುಕ್ಕೆಯ ಮೇಲೇ ಕಣ್ಣು ನೆಡುತ್ತದೆ, ಮೊಲ ಹೊರಳಿದೊಡನೆ ಚುಕ್ಕೆ ಮರೆಯಾಗಿ ಅದಕ್ಕೆ ಗುರಿ ತಪ್ಪುತ್ತದೆ. ನಮ್ಮ ಹೊಲಗಳ ಮೊಲ ಬೇರೆ ಜಾತಿಯದು, ಬಿಲ ತೋಡುವುದಿಲ್ಲ. ಅದರ ಬಾಲ ಮೇಲೆ ಕಪ್ಪು, ಕೆಳಗೆ ಬಿಳುಪು. ಕನ್ನಡದಲ್ಲಿ ಎರಡೂ ಮೊಲವೇ.

ಅಲ್ಲಿಂದ ನನ್ನ ತಲೆಬರಹ ನನಗೇ ಒಪ್ಪಿಗೆಯಾಗಲಿಲ್ಲ. ಬಾಲ ಓಡುವವರ ಅಂಗ. ನಿಂತು ಸತ್ತವನಿಗೆ ಈ ಸೀಮೆಯಲ್ಲಿ ವೀರಗಲ್ಲುಗಳಿವೆ. ಓಡಿ ಬದುಕಿದವನಿಗೆ ಕಲ್ಲು ನೆಟ್ಟವರಿಲ್ಲ. ಆದರೆ ಎದುರು ತಿರುಗಿದ ಮೊಲದ ಹೆಸರಲ್ಲಿ ಹುಟ್ಟಿದ ವಿಜಯನಗರವೇ 1565ರ ಸೋಲಿನ ನಂತರ ಉಳಿದದ್ದು ಹೇಗೆ? ತಿರುಮಲರಾಯ ರಾಜಧಾನಿಯನ್ನು ಬಿಟ್ಟು ಪೆನುಕೊಂಡೆಗೆ ಹೋದ. ಅಲ್ಲಿಂದ ಚಂದ್ರಗಿರಿ, ವೆಲ್ಲೂರು ಎನ್ನುತ್ತ ಅರವೀಡು ವಂಶ ಇನ್ನೂ ಹಲವು ದಶಕ ಆಳಿತು. ಅದನ್ನು ನಾವು ‘ಪತನ’ ಎಂದು ಒಂದು ಪ್ಯಾರಾದಲ್ಲಿ ಮುಗಿಸುತ್ತೇವೆ.

ಪ್ರಬಂಧದ ಆ ಅಧ್ಯಾಯವನ್ನು ಈಗ ಮತ್ತೆ ಬರೆಯುತ್ತಿದ್ದೇನೆ. ಊರು ಕಟ್ಟಿದ ಮೊಲ ಅದರಲ್ಲಿ ಇರುತ್ತದೆ. ಓಡಿ ಉಳಿದವರಿಗೂ ಈ ಸಲ ಕೆಲವು ಪುಟಗಳಿರುತ್ತವೆ.