ಒಬ್ಬರು ಹೋದರೆ ಆರು ಮಂದಿಗೆ ಮಾತ್ರೆ

2001ರ ಜೂನ್‌ನಲ್ಲಿ ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್‌ನ ಮುಖ್ಯಸ್ಥ ಆಂಡ್ರ್ಯೂ ನ್ಯಾಟ್ಸಿಯೋಸ್ ಒಂದು ವಾದ ಹೂಡಿದರು. ಎಚ್‌ಐವಿ ಮಾತ್ರೆಯನ್ನು ಹೊತ್ತುಹೊತ್ತಿಗೆ ನುಂಗಬೇಕು. ಆಫ್ರಿಕಾದ ಬಹಳಷ್ಟು ಜನ ಗಡಿಯಾರವನ್ನೇ ಕಂಡವರಲ್ಲ. ಅವರಿಗೆ ಈ ಔಷಧ ಕೊಟ್ಟರೆ ಕೆಲಸ ಮಾಡದು ಎಂಬುದು ಅದರ ತಿರುಳು. ಅವರೊಬ್ಬರದೇ ಮಾತಾಗಿದ್ದರೆ ಬಿಟ್ಟುಬಿಡಬಹುದಿತ್ತು. ಬಡವರು ಮಾತ್ರೆ ತಪ್ಪಿಸುತ್ತಾರೆ, ವೈರಸ್ ಔಷಧಕ್ಕೆ ಬಗ್ಗದಂತಾಗುತ್ತದೆ ಎಂಬ ಭಯ ಆಗ ಎಷ್ಟೋ ತಜ್ಞರಲ್ಲಿಯೂ ಇತ್ತು. ಆ ಭಯದ ನೆರಳಿನಲ್ಲಿ ಲಕ್ಷಾಂತರ ಜನ ಸಾಯುತ್ತಿದ್ದರು.

ಆದರೆ ಅದಕ್ಕೆ ಒಂದು ತಿಂಗಳ ಮುಂಚೆಯೇ ಕೇಪ್‌ಟೌನ್ ಅಂಚಿನ ಖಯೆಲಿಟ್ಷಾದಲ್ಲಿ ವೈದ್ಯರು ಮಾತ್ರೆ ಕೊಡತೊಡಗಿದ್ದರು. 'ಗಡಿಯಿಲ್ಲದ ವೈದ್ಯರು' ಸಂಸ್ಥೆಯೂ ಪ್ರಾಂತ್ಯದ ಆರೋಗ್ಯ ಇಲಾಖೆಯೂ ಸೇರಿ ನಡೆಸಿದ ಕೆಲಸವದು. ಮೊದಲ ತಂಡದ 287 ವಯಸ್ಕರಲ್ಲಿ ಬಹುಪಾಲು ಜನ ರೋಗ ಬಲಿತ ಮೇಲೆ ಬಂದವರು. ಎರಡು ವರ್ಷಗಳ ಬಳಿಕ ಬದುಕುಳಿದವರ ಪ್ರಮಾಣ ಶೇ 86 ದಾಟಿತ್ತು. 2006ರಲ್ಲಿ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಾಕಷ್ಟು ಕ್ರಮವಾಗಿ ಮಾತ್ರೆ ತೆಗೆದುಕೊಳ್ಳುವವರು ಸಹಾರಾ ದಕ್ಷಿಣದ ಆಫ್ರಿಕಾದಲ್ಲಿ ಶೇ 77, ಉತ್ತರ ಅಮೆರಿಕದಲ್ಲಿ ಶೇ 55.

ಹಾಗಾದರೆ ತೊಡಕು ಎಲ್ಲಿತ್ತು? ಮೊದಲು ಬೆಲೆಯಲ್ಲಿ. ಒಬ್ಬರ ಒಂದು ವರ್ಷದ ಔಷಧಕ್ಕೆ ಹತ್ತು ಸಾವಿರ ಡಾಲರಿಗೂ ಮೇಲೆ ಇದ್ದ ಕಾಲದಲ್ಲಿ, 2001ರ ಫೆಬ್ರುವರಿಯಲ್ಲಿ ಮುಂಬೈನ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ 350 ಡಾಲರಿಗೆ ಕೊಡುವುದಾಗಿ ಗಡಿಯಿಲ್ಲದ ವೈದ್ಯರಿಗೆ ಹೇಳಿದರು. ಔಷಧದ ವಿಷಯದಲ್ಲಿ ಉತ್ಪನ್ನಕ್ಕಲ್ಲ, ತಯಾರಿಕೆಯ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಡುತ್ತಿದ್ದ ಭಾರತದ 1970ರ ಕಾಯ್ದೆ ಇದಕ್ಕೆ ದಾರಿ ಮಾಡಿಕೊಟ್ಟಿತ್ತು. ಬೇರೆ ಬೇರೆ ಕಂಪನಿಗಳ ಹಿಡಿತದಲ್ಲಿದ್ದ ಸ್ಟಾವುಡಿನ್, ಲ್ಯಾಮಿವುಡಿನ್, ನೆವಿರಪಿನ್ ಮೂರನ್ನೂ ಒಂದೇ ಗುಳಿಗೆಯಲ್ಲಿ ಸೇರಿಸಿದ ಟ್ರಯೋಮ್ಯೂನ್ ಹುಟ್ಟಿದ್ದು ಹೀಗೆ. ಬೆಳಿಗ್ಗೆ ಒಂದು, ರಾತ್ರಿ ಒಂದು. ಮೂರು ಡಬ್ಬಿಗಳಲ್ಲಿ ಯಾವುದೋ ಒಂದು ಖಾಲಿಯಾಗಿ ಚಿಕಿತ್ಸೆ ಅರೆಬರೆಯಾಗುವ ಅಪಾಯವೂ ತಪ್ಪಿತು. ಪೂರೈಕೆಯ ಚರಿತ್ರೆಯಲ್ಲಿ ಇದಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ.

ಬೆಲೆ ಇಳಿದ ಮೇಲೆ ದೂರ ಎದುರಾಯಿತು. ಮೊಜಾಂಬಿಕ್‌ನ ಟೆಟೆ ಪ್ರಾಂತ್ಯದಲ್ಲಿ ತಿಂಗಳಿಗೊಮ್ಮೆ ಔಷಧಕ್ಕೆ ಹೋಗುವುದೆಂದರೆ ಹೊಲದ ಕೆಲಸ ಬಿಟ್ಟು, ದುಡ್ಡು ಹೊಂದಿಸಿಕೊಂಡು, ಕ್ಲಿನಿಕ್ಕಿನ ಮುಂದೆ ದಿನವಿಡೀ ಸಾಲಿನಲ್ಲಿ ನಿಲ್ಲುವುದು. ಜನ ನಡುವೆಯೇ ಬಿಟ್ಟುಬಿಡುತ್ತಿದ್ದರು. 2008ರಲ್ಲಿ ಅಲ್ಲಿ ಒಂದು ಪದ್ಧತಿ ಶುರುವಾಯಿತು. ನೆರೆಹೊರೆಯ ಆರು ಮಂದಿಯವರೆಗೆ ಸೇರಿ ಒಂದು ಗುಂಪು. ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಕೂಡಿ, ಒಬ್ಬರ ಡಬ್ಬಿಯಲ್ಲಿ ಉಳಿದ ಮಾತ್ರೆಗಳನ್ನು ಇನ್ನೊಬ್ಬರ ಎದುರು ಎಣಿಸಿ, ಗುಂಪಿನ ಕಾರ್ಡಿನಲ್ಲಿ ಬರೆದಿಡುವರು. ಯಾರಿಗೆ ಕೆಮ್ಮು, ಯಾರಿಗೆ ಜ್ವರ ಎಂಬ ವಿಚಾರಣೆಯೂ ಆಗುವುದು. ಆಮೇಲೆ ಸರದಿಯವರು ಎಲ್ಲರ ಕಾರ್ಡು ಹಿಡಿದು ಕ್ಲಿನಿಕ್ಕಿಗೆ ಹೋಗಿ, ತಮ್ಮ ತಪಾಸಣೆಯನ್ನೂ ಮುಗಿಸಿ, ಆರು ಮಂದಿಯ ಔಷಧ ಹೊತ್ತು ತರುವರು. ಹೀಗೆ ಪ್ರತಿಯೊಬ್ಬರೂ ಆರು ತಿಂಗಳಿಗೊಮ್ಮೆ ವೈದ್ಯರ ಕಣ್ಣಿಗೆ ಬೀಳುತ್ತಿದ್ದರು. ಸುಮಾರು ಒಂದು ವರ್ಷದ ಬಳಿಕ ಲೆಕ್ಕ ಹಾಕಿದಾಗ, 1,301 ಸದಸ್ಯರಲ್ಲಿ ಸುಳಿವು ಸಿಗದೆ ಹೋದವರು ಇಬ್ಬರೇ. ಗಡಿಯಾರದ ವಾದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಖಯೆಲಿಟ್ಷಾದಲ್ಲಿಯೂ 2007ರಿಂದ ಕ್ಲಬ್ಬುಗಳು ಹುಟ್ಟಿಕೊಂಡವು. 25–30 ಮಂದಿ ಎರಡು ತಿಂಗಳಿಗೊಮ್ಮೆ ಸೇರಿ, ಮೊದಲೇ ಕಟ್ಟಿಟ್ಟ ಪೊಟ್ಟಣ ಪಡೆದು ಹೋಗುವ ಏರ್ಪಾಡು.

ಭಾರತದಲ್ಲಿ ಸರ್ಕಾರ 2004ರ ಏಪ್ರಿಲ್ 1ರಂದು ಉಚಿತ ಎಆರ್‌ಟಿ, ಅಂದರೆ ಎಚ್‌ಐವಿ ಔಷಧ ಚಿಕಿತ್ಸೆ, ಆರಂಭಿಸಿತು. ಸೋಂಕು ಹೆಚ್ಚಿದ್ದ ಆರು ರಾಜ್ಯಗಳ ಪೈಕಿ ಕರ್ನಾಟಕವೂ ಒಂದು, ಇಲ್ಲಿ ಮೊದಲು ಕೊಟ್ಟದ್ದು ಬೆಂಗಳೂರಿನ ಬೌರಿಂಗ್ ಆಸ್ಪತ್ರೆಯಲ್ಲಿ. 2020ರ ಲಾಕ್‌ಡೌನ್‌ನಲ್ಲಿ ಬಸ್ಸುಗಳೇ ನಿಂತಾಗ, ಮೂರು ತಿಂಗಳ ಮಾತ್ರೆಯನ್ನು ಒಮ್ಮೆಗೇ ಕೊಡಲು ಕೇಂದ್ರಗಳಿಗೆ ಸೂಚನೆ ಹೋಯಿತು. ಎರಡೇ ವರ್ಷದಲ್ಲಿ ಚಿತ್ರ ತಿರುಗಿತು. ಎಚ್‌ಐವಿ ಜೊತೆ ಬದುಕುತ್ತಿರುವವರು 2022ರ ಜುಲೈನಿಂದ ಒಂದು ತಿಂಗಳಿಗೂ ಹೆಚ್ಚು ಕಾಲ ದಿಲ್ಲಿಯ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಕಚೇರಿಯಲ್ಲಿ ಧರಣಿ ಕೂತರು. ತಿಂಗಳಿಗಾಗುವಷ್ಟು ಕೊಡುವ ಬದಲು ಕೆಲವೇ ದಿನಗಳ ಮಾತ್ರೆ ಕೈಗಿಟ್ಟು ಕಳಿಸುತ್ತಿದ್ದಾರೆ ಎಂಬುದು ಅವರ ದೂರು. ದೇಶದಲ್ಲಿ ಒಟ್ಟಾರೆ ದಾಸ್ತಾನಿಗೆ ಕೊರತೆಯಿಲ್ಲ ಎಂದಿತು ಸರ್ಕಾರ. ಎರಡೂ ಏಕಕಾಲಕ್ಕೆ ನಿಜವಾಗಬಲ್ಲವು, ಗೋದಾಮಿನಲ್ಲಿರುವ ಮಾತ್ರೆ ಕೌಂಟರಿನವರೆಗೆ ಬಾರದಿದ್ದರೆ. ಅದೇ ವರ್ಷ ವಿಷಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು.