ನಾಲ್ಕೇ ದಿನದ ಅಂತರ (ತುರ್ತು ಪರಿಸ್ಥಿತಿ ಸರಣಿ, ಭಾಗ 3)

ಮೊದಲನೇ ಫೋಟೋದಲ್ಲಿರೋ ಗೋಪುರ ಎಲ್ಲಿದು ಅಂತ ಗೊತ್ತಾಯ್ತಾ? ಶೇಷಾದ್ರಿ ರಸ್ತೆಯ ಫ್ರೀಡಂ ಪಾರ್ಕ್. ಬೆಂಗಳೂರಲ್ಲಿ ಪ್ರತಿಭಟನೆ ಮಾಡೋರೆಲ್ಲ ಈಗ ಇಲ್ಲಿಗೇ ಬರಬೇಕು. ಪಾರ್ಕ್ ಆಗೋ ಮುಂಚೆ ಇದು ಸೆಂಟ್ರಲ್ ಜೈಲು. ಅದು ಕೈದಿಗಳ ಮೇಲೆ ಕಣ್ಣಿಡೋಕೆ ಕಟ್ಟಿದ್ದ ಕಾವಲು ಗೋಪುರ.

ಹೋದ ಸಲ 1975ರ ಜೂನ್ 25ರ ರಾತ್ರಿ ತನಕ ಬಂದಿದ್ವಿ. ಮಾರನೇ ದಿನವೇ, ಸಂಸದೀಯ ಸಮಿತಿ ಸಭೆಗೆ ಅಂತ ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇವರನ್ನೆಲ್ಲ ಇಲ್ಲೇ ಬಂಧಿಸಿದ್ರು. ಯಾಕೆ ಅಂತ ಕೇಳಿದ್ರೆ ಉತ್ತರ ಇಲ್ಲ. ಬಂಧನದ ಕಾರಣವನ್ನು ಬಂಧಿತರಿಗೂ ಹೇಳಬೇಕಾಗಿಲ್ಲ ಅಂತ ಸರ್ಕಾರ ಮೀಸಾ ಕಾಯ್ದೆಯನ್ನೇ ತಿದ್ದಿಕೊಂಡಿತ್ತು. ಶಾ ಆಯೋಗದ ಲೆಕ್ಕದ ಪ್ರಕಾರ, ತುರ್ತು ಪರಿಸ್ಥಿತಿ ಮುಗಿಯೋ ಹೊತ್ತಿಗೆ ಮೀಸಾ ಒಂದರಲ್ಲೇ ಸುಮಾರು 35 ಸಾವಿರ ಜನ ಒಳಗೆ ಹೋಗಿ ಬಂದಿದ್ರು.

ಇಂಥ ಹೊತ್ತಲ್ಲಿ ಉಳಿಯೋದು ಒಂದೇ ದಾರಿ, ಹೇಬಿಯಸ್ ಕಾರ್ಪಸ್. ಹೆಸರು ಕೇಳಿ ಹೆದರಬೇಡಿ, ವಿಷಯ ಸರಳ. "ಈ ಮನುಷ್ಯನನ್ನು ಯಾವ ಕಾನೂನಿನ ಪ್ರಕಾರ ಹಿಡಿದಿಟ್ಟಿದ್ದೀರಿ, ತೋರಿಸಿ" ಅಂತ ಕೋರ್ಟು ಸರ್ಕಾರವನ್ನು ಕೇಳೋದು, ಅಷ್ಟೇ. ಬಿಡಲೇಬೇಕು ಅಂತೇನಿಲ್ಲ, ಉತ್ತರ ಕೊಡಬೇಕು. ಈ ಅರ್ಜಿಗಳನ್ನು ಕೇಳೋ ಅಧಿಕಾರ ನಮಗಿದೆ ಅಂತ ಒಂಬತ್ತು ಹೈಕೋರ್ಟುಗಳು ಹೇಳಿದ್ವು. ಅದರಲ್ಲಿ ನಮ್ಮ ಕರ್ನಾಟಕದ್ದೂ ಒಂದು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯ್ತು.

ಅಲ್ಲಿ ಐವರ ಪೀಠ. ಹೆಚ್.ಆರ್. ಖನ್ನಾ ಅನ್ನೋ ನ್ಯಾಯಮೂರ್ತಿ ಸರ್ಕಾರದ ವಕೀಲರಾದ ಅಟಾರ್ನಿ ಜನರಲ್ ನಿರೇನ್ ಡೇ ಅವರಿಗೆ ಒಂದು ಪ್ರಶ್ನೆ ಹಾಕಿದ್ರು. ಸಂವಿಧಾನದ 21ನೇ ವಿಧಿಯಲ್ಲಿ ಸ್ವಾತಂತ್ರ್ಯದ ಜೊತೆ ಜೀವದ ಮಾತೂ ಇದೆಯಲ್ಲ, ಪೊಲೀಸನೊಬ್ಬ ಹಗೆತನಕ್ಕೆ ಯಾರನ್ನೋ ಕೊಂದುಬಿಟ್ಟರೂ ಕೋರ್ಟಿಗೆ ಬರೋ ಹಾಗಿಲ್ವಾ? ತುರ್ತು ಪರಿಸ್ಥಿತಿ ಇರೋತನಕ ಇಲ್ಲ ಅಂತ ಉತ್ತರ ಬಂತು. ಓದುವಾಗ ನಾನು ಈ ಸಾಲಲ್ಲಿ ನಿಂತುಬಿಟ್ಟೆ. ಕೋರ್ಟ್ ಹಾಲ್‌ನಲ್ಲಿ, ಕರಿ ಕೋಟು ಹಾಕ್ಕೊಂಡು ಆಡಿದ ಮಾತು ಇದು.

1976ರ ಏಪ್ರಿಲ್ 28ಕ್ಕೆ ತೀರ್ಪು ಬಂತು. ನಾಲ್ವರು ಸರ್ಕಾರದ ಕಡೆ, ಖನ್ನಾ ಒಬ್ಬರೇ ಈ ಕಡೆ. ಬಹುಮತದಲ್ಲಿದ್ದ ನ್ಯಾಯಮೂರ್ತಿ ಬೇಗ್ ಅಂತೂ, ಬಂಧಿತರಿಗೆ ಒಳ್ಳೇ ಊಟ, ವಸತಿ ಸಿಗ್ತಿದೆ, ಸರ್ಕಾರ ಹೆಚ್ಚುಕಮ್ಮಿ ತಾಯಿ ಥರ ನೋಡ್ಕೊಳ್ತಿದೆ ಅಂತ ಬರೆದ್ರು.

ಇದಾಗಿ ನಾಲ್ಕೇ ದಿನ. ಮೇ 2ರಂದು ಬೆಂಗಳೂರಲ್ಲಿ ಸ್ನೇಹಲತಾ ರೆಡ್ಡಿ ಅವರ ಬಂಧನ ಆಯ್ತು.

ಎರಡನೇ ಫೋಟೋ ನೋಡಿ. 'ಸಂಸ್ಕಾರ' ಸಿನಿಮಾದ ಚಂದ್ರಿ ಇವರೇ. (ಆ ಸಿನಿಮಾನೂ ಸೆನ್ಸಾರ್ ಮಂಡಳಿ ಮೊದಲು ತಡೆಹಿಡಿದಿತ್ತು, ಆಮೇಲೆ ರಾಷ್ಟ್ರಪ್ರಶಸ್ತಿ ಬಂತು!) ಭೂಗತರಾಗಿದ್ದ ಜಾರ್ಜ್ ಫರ್ನಾಂಡಿಸ್ ಇವರ ಸ್ನೇಹಿತರು. ಬರೋಡಾ ಡೈನಮೈಟ್ ಕೇಸಿನ ನೆಪದಲ್ಲಿ ಹಿಡಿದು ಮೀಸಾ ಅಡಿ ಇದೇ ಜೈಲಲ್ಲಿ ಇಟ್ರು. ಆ ಕೇಸಿನ ಆರೋಪಪಟ್ಟಿ ತಯಾರಾದಾಗ ಅದರಲ್ಲಿ ಇವರ ಹೆಸರೇ ಇರಲಿಲ್ಲ. ಆದರೂ ಬಿಡಲಿಲ್ಲ. ಯಾಕೆ ಅಂತ ಕೇಳಬಹುದಾಗಿದ್ದ ಬಾಗಿಲು ನಾಲ್ಕು ದಿನದ ಹಿಂದೆಯೇ ಮುಚ್ಚಿತ್ತಲ್ಲ.

ಸ್ನೇಹಲತಾ ಅವರಿಗೆ ಅಸ್ತಮಾ ಇತ್ತು. ಜೋರಾದ ಅಸ್ತಮಾ. ಸರಿಯಾದ ಚಿಕಿತ್ಸೆ ಸಿಗಲಿಲ್ಲ. ರಾತ್ರಿ ಜೈಲು ನಿಶ್ಶಬ್ದವಾದಾಗ ಅವರ ಕೋಣೆಯಿಂದ ಚೀರಾಟ ಕೇಳ್ತಿತ್ತು ಅಂತ ಅದೇ ಜೈಲಲ್ಲಿದ್ದ ದಂಡವತೆ ಮುಂದೆ ನೆನಪು ಮಾಡಿಕೊಂಡಿದ್ದಾರೆ. ಇಷ್ಟರ ನಡುವೆಯೂ ಅವರು ಒಳಗೆ ಡೈರಿ ಬರೆದ್ರು. ಆರೋಗ್ಯ ಪೂರ್ತಿ ಕೆಟ್ಟ ಮೇಲೆ 1977ರ ಜನವರಿ 15ಕ್ಕೆ ಪೆರೋಲ್ ಕೊಟ್ರು. 20ಕ್ಕೆ ತೀರಿಕೊಂಡ್ರು. ಐದೇ ದಿನ.

ಅದೇ ಜನವರಿಯಲ್ಲಿ ಖನ್ನಾ ಅವರ ಲೆಕ್ಕವೂ ಚುಕ್ತಾ ಆಯ್ತು. ಮುಖ್ಯ ನ್ಯಾಯಮೂರ್ತಿ ಆಗಬೇಕಿದ್ದದ್ದು ಅವರು. ಅವರನ್ನು ದಾಟಿಸಿ ಸೀಟು ಕೊಟ್ಟಿದ್ದು ಬೇಗ್ ಅವರಿಗೆ. ಖನ್ನಾ ರಾಜೀನಾಮೆ ಬರೆದು ಹೊರಟ್ರು. ಇದು ಅವರಿಗೆ ಮೊದಲೇ ಗೊತ್ತಿತ್ತು. ಹರಿದ್ವಾರದಲ್ಲಿ ಗಂಗೆ ದಡದ ಮೇಲೆ ಕೂತು, ಈ ತೀರ್ಪಿಗೆ ಮುಖ್ಯ ನ್ಯಾಯಮೂರ್ತಿ ಸ್ಥಾನವನ್ನೇ ತೆರಬೇಕಾಗತ್ತೆ ಅಂತ ತಂಗಿಗೆ ಹೇಳಿದ್ದಾಗಿ ಆತ್ಮಕಥೆಯಲ್ಲಿದೆ.

1978ರಲ್ಲಿ 44ನೇ ತಿದ್ದುಪಡಿ ಬಂತು. ತುರ್ತು ಪರಿಸ್ಥಿತಿಯಲ್ಲೂ 21ನೇ ವಿಧಿಯನ್ನು ಮುಟ್ಟೋ ಹಾಗಿಲ್ಲ. ಆದರೆ ಆ ತೀರ್ಪು ಮಾತ್ರ ಪುಸ್ತಕದಲ್ಲಿ ಹಾಗೇ ಉಳೀತು, 2017ರ ತನಕ! ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹಾಕಿದ್ದ ಆಧಾರ್ ಕೇಸಲ್ಲಿ ಒಂಬತ್ತು ಜನರ ಪೀಠ ಅದನ್ನು ರದ್ದು ಮಾಡ್ತು. ಅದು ತಪ್ಪು ಅಂತ ಬರೆದವರು ಡಿ.ವೈ. ಚಂದ್ರಚೂಡ್. 1976ರ ಆ ನಾಲ್ವರಲ್ಲಿ ಒಬ್ಬರಾಗಿದ್ದ ವೈ.ವಿ. ಚಂದ್ರಚೂಡ್ ಅವರ ಮಗ.

ಮುಂದಿನ ಭಾಗದಲ್ಲಿ ಕೇರಳಕ್ಕೆ ಹೋಗೋಣ. 1976ರ ಮಾರ್ಚಲ್ಲಿ ಕ್ಯಾಲಿಕಟ್ ಎಂಜಿನಿಯರಿಂಗ್ ಕಾಲೇಜಿನಿಂದ ಪೊಲೀಸರು ಕರೆದೊಯ್ದ ರಾಜನ್ ಅನ್ನೋ ಹುಡುಗ, ಮತ್ತೆ ಮಗನನ್ನು ಹುಡುಕ್ತಾ ಹೇಬಿಯಸ್ ಕಾರ್ಪಸ್ ಹಾಕಿದ ಅವನ ಅಪ್ಪ. ನಮ್ಮದೇ ವಯಸ್ಸಿನವನು.